ಹತ್ತು ಕ್ವಿಂಟಲ್ ಮೆಣಸಿನಕಾಯಿ ಐದು ಕ್ವಿಂಟಲ್ ಆದ ಪ್ರಕರಣ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಹರಿಯುವ ಒಂದು ಹಳ್ಳಿಯ ಸ್ವಸಹಾಯ ಸಂಘದಲ್ಲಿ ಹುಟ್ಟಿದ ಕಳವಿನ ಅನುಮಾನವೊಂದು ಈ ಅಧ್ಯಯನದ ವಿಷಯ. ಅಲ್ಲಿ ಕಳವೇ ಆಗಿರಲಿಲ್ಲ. ಹಾಗಿದ್ದರೂ ಕಳವಾಗಿದೆ ಎಂದು ಹತ್ತು ಜನ ಹೆಂಗಸರು ಲೆಕ್ಕ ಹಾಕಿಯೇ ನಂಬಿದ್ದರು. ಯಾರ ಮೇಲೆ ಅನುಮಾನವಿತ್ತೋ ಆಕೆಯೂ ಆ ಹತ್ತು ಜನರಲ್ಲಿ ಒಬ್ಬರು. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಈ ಪ್ರಕರಣಕ್ಕೆ ಬಂದದ್ದು ಪಂಚಾಯಿತಿ ಮಾಡುವವನಾಗಿ. ಆದರೆ ಅದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಮುಂದೆ ಹೇಳುತ್ತೇನೆ.

ಸಂಘದವರು ಆ ವರ್ಷ ಖಾರದಪುಡಿ ಮಾಡಿ ಮಾರಲು ನಿರ್ಧರಿಸಿ, ಊರಿನ ಹೊಲವೊಂದರಿಂದ ಹತ್ತು ಕ್ವಿಂಟಲ್ ಹಣ್ಣುಮೆಣಸಿನಕಾಯಿಯನ್ನು ಕಿಲೋಗೆ 40 ರೂಪಾಯಿಯಂತೆ ಕೊಂಡಿದ್ದರು. ನಮ್ಮ ಕಡೆ ಕಾಯಿಯನ್ನು ಗಿಡದಲ್ಲೇ ಅರ್ಧ ಬಾಡಲು ಬಿಟ್ಟು ನಂತರ ಕಿತ್ತು ಕಣದಲ್ಲಿ ಹರವುವುದು ವಾಡಿಕೆ. ಈ ಹೊಲದವನಿಗೆ ಹಣದ ತುರ್ತು ಇದ್ದುದರಿಂದ ಕಾಯಿಯನ್ನು ಕೆಂಪಾದೊಡನೆ, ರಸ ತುಂಬಿರುವಾಗಲೇ ಕೀಳಿಸಿದ. ಸದಸ್ಯೆಯೊಬ್ಬರ ಮಗ ಕೃಷಿ ಓದುತ್ತಿದ್ದ. ಅವನು ನೂರು ಗ್ರಾಂ ಕಾಯಿಯನ್ನು ಒಯ್ದು, ಓವನ್ನಿನಲ್ಲಿ ನೀರೆಲ್ಲ ಹೋಗುವವರೆಗೆ ಒಣಗಿಸಿ ತೂಗಿದಾಗ ಇಪ್ಪತ್ತು ಗ್ರಾಂ ಉಳಿಯಿತು. ‘ತೇವಾಂಶ ಶೇ 80’ ಎಂಬ ಚೀಟಿಯನ್ನು ಸಂಘದ ಪುಸ್ತಕಕ್ಕೆ ಅಂಟಿಸಲಾಯಿತು. ಮಾಲನ್ನು ಇಪ್ಪತ್ತೈದು ಚೀಲಗಳಲ್ಲಿ ತಂದು, ಊರಂಚಿನಲ್ಲಿ ಅಗಲವಾದ ಕಣವಿದ್ದ ಸದಸ್ಯೆಯೊಬ್ಬರಲ್ಲಿ ಹರವಿದರು.

ಆರನೆಯ ದಿನ ಆಕಾಶ ಮೋಡ ಕಟ್ಟಿತು. ಆ ಕಣಕ್ಕೆ ಮೇಲೆ ಸೂರಿರಲಿಲ್ಲ, ಇದ್ದ ತಾಡಪತ್ರಿಯೂ ಸಾಲದಾಗಿತ್ತು. ಆದ್ದರಿಂದ ಕಾಯಿಯನ್ನು ಸಂಘದ ಅಧ್ಯಕ್ಷೆಯ ಮನೆಯ ಹಿಂದಿನ ಸಿಮೆಂಟು ಕಣಕ್ಕೆ, ತಗಡಿನ ಚಪ್ಪರದ ಕೆಳಗೆ ಸಾಗಿಸಬೇಕಾಯಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಮಾಲಾದ್ದರಿಂದ ತೂಗಿ ಒಪ್ಪಿಸುವುದೇ ಸರಿ ಎಂದು ತೂಗಿದರು. ಹತ್ತೊಂಬತ್ತು ಚೀಲವಾಯಿತು, ತೂಕ 493 ಕಿಲೋ ಬಂತು. ಹುಡುಗ ಮತ್ತೆ ಪರೀಕ್ಷಿಸಿ ಎರಡನೆಯ ಚೀಟಿ ಕೊಟ್ಟ, ಅದರಲ್ಲಿ ‘ತೇವಾಂಶ ಶೇ 60’ ಎಂದಿತ್ತು.

ಅಂದು ರಾತ್ರಿ ಪುಸ್ತಕ ಬರೆಯುವ ಸದಸ್ಯೆ ಕೂತು ಲೆಕ್ಕ ಹಾಕಿದರು. ಎಂಬತ್ತಿದ್ದ ನೀರು ಅರವತ್ತಾಗಿದೆ ಎಂದರೆ ನೂರಕ್ಕೆ ಇಪ್ಪತ್ತು ಹೋಗಿದೆ, ಹತ್ತು ಕ್ವಿಂಟಲಿಗೆ ಎರಡು ಕ್ವಿಂಟಲ್ ಹೋಗಿರಬೇಕು, ಎಂಟು ಉಳಿಯಬೇಕು. ಉಳಿದದ್ದು 493 ಕಿಲೋ. ಹಾಗಾದರೆ 307 ಕಿಲೋ ಎಲ್ಲಿ? ಇಪ್ಪತ್ತೈದು ಚೀಲ ಹತ್ತೊಂಬತ್ತಾಗಿದ್ದು ಎಲ್ಲರಿಗೂ ಕಂಡಿತ್ತು. ಆರು ಚೀಲ ಕಾಯಿ ಎಂಬುದು ಒಂದು ಬಂಡಿಯಲ್ಲಿ ಹಾಕಿಕೊಂಡು ಹೋಗಬಹುದಾದ ವಸ್ತು, ಆದ್ದರಿಂದ ಊರವರ ಕಣ್ಣಿಗೆ ಆ ಬಂಡಿಯೂ ಕಾಣತೊಡಗಿತು. 307 ಕಿಲೋಗೆ ಕಿಲೋಗೆ 40ರಂತೆ 12,280 ರೂಪಾಯಿ ಎಂದು ಮೊದಲ ಕಣದಾಕೆಯ ಹೆಸರಿನ ಎದುರು ಪೆನ್ಸಿಲಿನಲ್ಲಿ ಬರೆದದ್ದನ್ನು ನಾನೇ ನೋಡಿದ್ದೇನೆ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆಕೆಯ ಉತ್ತರ. ತಾನು ಕದ್ದಿಲ್ಲ ಎಂದು ಆಕೆ ಖಡಾಖಂಡಿತವಾಗಿ ಹೇಳಿದರು, ಆದರೆ ಕಾಯಿ ಕಳವಾಗಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಎಂಟು ಬರಬೇಕಿತ್ತು ಎಂಬ ಲೆಕ್ಕವನ್ನು ಆಕೆಯೂ ಒಪ್ಪಿದ್ದರು. ಮೂರನೆಯ ರಾತ್ರಿ ನಾಯಿ ಬಹಳ ಬೊಗಳಿತ್ತು, ಮರುದಿನ ಕಾಲುವೆ ಏರಿಯ ಮೇಲೆ ಟ್ರ್ಯಾಕ್ಟರಿನ ಗಾಲಿ ಗುರುತು ಕಂಡಿತ್ತು, ತನಗೆ ನಿದ್ದೆ ಹತ್ತಿದಾಗ ಯಾರೋ ಬಂದಿರಬೇಕು ಎಂಬುದು ಆಕೆಯ ವಾದ. ಆಕೆಯನ್ನು ಪೂರ್ತಿಯಾಗಿ ನಿರ್ದೋಷಿಯೆಂದು ತೋರಿಸಬಲ್ಲ ಒಂದೇ ಸಾಕ್ಷಿ ಗಣಿತವಾಗಿತ್ತು. ಅದನ್ನು ನಂಬುವುದಕ್ಕಿಂತ ಕಂಡರಿಯದ ಕಳ್ಳನೊಬ್ಬನನ್ನು ನಂಬುವುದು ಆಕೆಗೂ ಸುಲಭವಾಯಿತು.

ಈಗ ನನ್ನ ತಪ್ಪು. ಜಗಳ ಎದ್ದ ಮರುದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಆ ಸಂಘದ ಸದಸ್ಯೆಯೇ, ನನಗೆ ಫೋನು ಮಾಡಿ, “ಸರ್, ಹತ್ತು ಕ್ವಿಂಟಲ್ ಕಾಯಿ, ತೇವಾಂಶ ಎಂಬತ್ತರಿಂದ ಅರವತ್ತಕ್ಕೆ ಇಳಿದರ ಎಷ್ಟಾಗಬೇಕ್ರಿ?” ಎಂದು ಕೇಳಿದಳು. ನಾನು ಸಂತೆಯಲ್ಲಿದ್ದೆ, ಕೈಯಲ್ಲಿ ಚೀಲವಿತ್ತು. “ಎಂಟಾಗಬೇಕಲ್ಲಮ್ಮ” ಎಂದುಬಿಟ್ಟೆ. ಮನೆಗೆ ಬಂದು, ಹಾಗೆ ಸುಮ್ಮನೆ ಕಾಗದದ ಮೇಲೆ ಬರೆದಾಗ ಬೆವರಿದೆ. ಅಷ್ಟರಲ್ಲಿ ‘ಗಣಿತದ ಸರ್ ಕೂಡ ಎಂಟೇ ಅಂದರು’ ಎಂಬ ಮಾತು ಊರೆಲ್ಲ ಹಬ್ಬಿತ್ತು.

ಲೆಕ್ಕದ ಒಳಗು

ಸರಿಯಾದ ಲೆಕ್ಕ ನಾಲ್ಕು ಸಾಲಿನದು. ಹತ್ತು ಕ್ವಿಂಟಲ್ ಎಂದರೆ ಸಾವಿರ ಕಿಲೋ. ಅದರಲ್ಲಿ ಶೇಕಡಾ 80 ನೀರಾದರೆ 800 ಕಿಲೋ ನೀರು, 200 ಕಿಲೋ ಒಣ ಪದಾರ್ಥ, ಅಂದರೆ ಸಿಪ್ಪೆ, ಬೀಜ, ತೊಟ್ಟು. ಬಿಸಿಲಿಗೆ ಹಾರುವುದು ನೀರು ಮಾತ್ರ, ಈ 200 ಕಿಲೋ ಎಲ್ಲಿಗೂ ಹೋಗುವುದಿಲ್ಲ. ತೇವಾಂಶ ಶೇಕಡಾ 60 ಆದಾಗ ಒಣ ಪದಾರ್ಥ ಶೇಕಡಾ 40 ಆಗಿರುತ್ತದೆ. 200 ಕಿಲೋ ಎಂಬುದು ಯಾವ ತೂಕದ ಶೇಕಡಾ 40 ಎಂದು ಕೇಳಿದರೆ ಉತ್ತರ 500 ಕಿಲೋ. ಕಣದಲ್ಲಿ ಸಿಕ್ಕಿದ್ದು 493. ಕೊಳೆತು ಆರಿಸಿ ಎಸೆದದ್ದು, ಕಾಲಿಗೆ ಸಿಕ್ಕಿದ್ದು, ಗಾಳಿಗೆ ಹೋದ ಬೀಜ ಎಲ್ಲ ಸೇರಿ ಏಳು ಕಿಲೋ ಕಡಿಮೆಯಾಗಿದೆ. ಸಾವಿರ ಕಿಲೋ ಕಾಯಿಯನ್ನು ಐದು ದಿನ ದಿನಕ್ಕೆರಡು ಸಲ ತಿರುವಿ ಹಾಕಿದವರಿಗೆ ಇಷ್ಟು ಕಡಿಮೆ ನಷ್ಟವಾಗಿದೆ ಎಂದರೆ ಆಕೆಯನ್ನು ಸನ್ಮಾನಿಸಬೇಕಿತ್ತು.

ಇದು ಜಗತ್ತಿಗೆ ಹೊಸ ಲೆಕ್ಕವೇನಲ್ಲ. ನೂರು ಕಿಲೋ ಆಲೂಗಡ್ಡೆಯಲ್ಲಿ ಶೇಕಡಾ 99 ನೀರಿದೆ ಎಂದುಕೊಳ್ಳಿ, ಒಣಗಿ ಶೇಕಡಾ 98 ಆದರೆ ತೂಕವೆಷ್ಟು ಎಂಬ ಒಗಟಿನ ರೂಪದಲ್ಲಿ ಇದು ಪ್ರಸಿದ್ಧವಾಗಿದೆ. ಉತ್ತರ 50 ಕಿಲೋ. ಆ ಒಗಟನ್ನು ನಾನೇ ಹತ್ತನೆಯ ತರಗತಿಗೆ ಎಷ್ಟೋ ಸಲ ಕೊಟ್ಟಿದ್ದೆ. ಆಲೂಗಡ್ಡೆಯಲ್ಲಿ ಗೊತ್ತಿದ್ದದ್ದು ಮೆಣಸಿನಕಾಯಿಯಲ್ಲಿ ಹೊಳೆಯಲಿಲ್ಲ.

ತಪ್ಪು ಎಲ್ಲಿ ನುಸುಳಿತು ಎಂದು ನೋಡಿದರೆ, ಅದು ‘ಶೇಕಡಾ’ ಎಂಬ ಮಾತಿನೊಳಗೆ ಅಡಗಿರುವ ನೂರರಲ್ಲಿದೆ. ಮೊದಲ ಚೀಟಿಯ ನೂರು ಅಂದಿನ ಸಾವಿರ ಕಿಲೋದ ನೂರು, ಎರಡನೆಯ ಚೀಟಿಯ ನೂರು ಇಂದಿನ ರಾಶಿಯ ನೂರು. ಎರಡಕ್ಕೂ ಛೇದ ಬೇರೆ. ಛೇದ ಬೇರೆಯಿರುವ ಭಿನ್ನರಾಶಿಗಳನ್ನು ನೇರವಾಗಿ ಕಳೆಯಬಾರದು ಎಂದು ಐದನೆಯ ತರಗತಿಯ ಹುಡುಗನಿಗೂ ಗೊತ್ತು. ಆದರೆ ಶೇಕಡಾ ಎಂದು ಬರೆದೊಡನೆ ಛೇದ ಕಣ್ಣಿಗೆ ಮರೆಯಾಗಿ, ಎಂಬತ್ತು ಮತ್ತು ಅರವತ್ತು ಎಂಬ ಎರಡು ಬರಿಯ ಸಂಖ್ಯೆಗಳು ಉಳಿಯುತ್ತವೆ. ಎರಡು ಸಂಖ್ಯೆ ಕಂಡಾಗ ಕಳೆಯುವುದು ನಮ್ಮ ಕೈಯ ರೂಢಿ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಇಂಥ ತಪ್ಪುಗಳಿಗೆ ಕೊಟ್ಟ ವಿವರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಕಷ್ಟದ ಪ್ರಶ್ನೆಯೊಂದು ಎದುರಾದಾಗ ಮನಸ್ಸು ನಮಗೆ ಹೇಳದೆಯೇ ಅದನ್ನು ಸುಲಭದ ಪ್ರಶ್ನೆಯೊಂದಕ್ಕೆ ಬದಲಿಸಿಕೊಂಡು, ಆ ಸುಲಭದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟುಬಿಡುತ್ತದೆ. ಅವರ ಜೊತೆಗಾರರಾದ ಶೇನ್ ಫ್ರೆಡ್ರಿಕ್ 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆ ಇದನ್ನೇ ಬಯಲಿಗೆಳೆಯುತ್ತದೆ. ಬ್ಯಾಟು ಮತ್ತು ಚೆಂಡು ಸೇರಿ 1 ಡಾಲರ್ 10 ಸೆಂಟ್, ಚೆಂಡಿಗಿಂತ ಬ್ಯಾಟಿಗೆ 1 ಡಾಲರ್ ಹೆಚ್ಚು, ಹಾಗಾದರೆ ಚೆಂಡಿನ ಬೆಲೆ ಎಷ್ಟು? ಹತ್ತು ಎಂದು ನಾಲಿಗೆಗೆ ಬರುತ್ತದೆ, ಸರಿ ಉತ್ತರ ಐದು. ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಇದರಲ್ಲಿ ಎಡವಿದರು. ನಮ್ಮ ಪುಸ್ತಕ ಬರೆಯುವ ಸದಸ್ಯೆ ಏಳನೆಯ ತರಗತಿ ಓದಿದವರು, ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿದವನು. ಇಬ್ಬರೂ ಎಂಟೇ ಎಂದೆವು.

ಆದರೆ ಈ ವಿವರಣೆ ನನಗೆ ಪೂರ್ತಿ ಸಾಕಾಗುವುದಿಲ್ಲ. ಮೊದಲ ತಪ್ಪು ಹೇಗೆ ಆಯಿತು ಎಂದು ಅದು ಹೇಳುತ್ತದೆ, ಆ ತಪ್ಪು ಏಕೆ ಗಟ್ಟಿಯಾಗಿ ನಿಂತಿತು ಎಂದು ಹೇಳುವುದಿಲ್ಲ. ಅದಕ್ಕೆ ಈ ಕಣದ ಲೆಕ್ಕದಲ್ಲೇ ಎರಡು ಕಾರಣಗಳು ಸಿಗುತ್ತವೆ.

ಮೊದಲನೆಯದಾಗಿ, ಕಳೆಯುವ ವಿಧಾನ ಎಲ್ಲ ಕಡೆಯೂ ತಪ್ಪಲ್ಲ. ತೇವಾಂಶ 80 ಇದ್ದಾಗ ಎರಡು ವಿಧಾನಗಳೂ ಸಾವಿರ ಕಿಲೋ ಎನ್ನುತ್ತವೆ, ತೇವಾಂಶ ಸೊನ್ನೆಯಾದಾಗ ಎರಡೂ 200 ಕಿಲೋ ಎನ್ನುತ್ತವೆ. ಎರಡು ತುದಿಗಳಲ್ಲಿ ಕೈ ಕುಲುಕುವ ಈ ವಿಧಾನಗಳು ನಡುವೆ ದೂರ ಸರಿಯುತ್ತವೆ. ತೇವಾಂಶ ಶೇಕಡಾ 55ರ ಆಸುಪಾಸಿನಲ್ಲಿ ಅಂತರ ಅತಿ ಹೆಚ್ಚು, 306 ಕಿಲೋ. 60ರಲ್ಲಿ 300 ಕಿಲೋ. ಮೋಡ ಕಟ್ಟಿದ್ದರಿಂದ ಸಂಘದವರು ತೂಗಿದ್ದು ಸುಮಾರಾಗಿ ಆ ಅಂತರ ಗರಿಷ್ಠವಾಗುವ ದಿನವೇ. ಇನ್ನೊಂದು ವಾರ ಬಿಸಿಲಿದ್ದು ಶೇಕಡಾ 10ಕ್ಕೆ ಇಳಿದ ಮೇಲೆ ತೂಗಿದ್ದರೆ ಕಳೆಯುವ ವಿಧಾನ 300 ಎನ್ನುತ್ತಿತ್ತು, ಸರಿ ವಿಧಾನ 222 ಎನ್ನುತ್ತಿತ್ತು.

ಈ 300 ಎಂಬುದೇ ಎರಡನೆಯ ಕಾರಣಕ್ಕೆ ದಾರಿ. ನೂರು ಕಿಲೋ ಹಸಿ ಕಾಯಿಗೆ ಇಪ್ಪತ್ತೈದರಿಂದ ಮೂವತ್ತೈದು ಕಿಲೋ ಒಣ ಕಾಯಿ ಎಂಬುದು ಬೆಳೆಗಾರರ ಅನುಭವದ ಮಾತು. ಅದು ಗಿಡದಲ್ಲೇ ಸ್ವಲ್ಪ ಬಾಡಿದ ಕಾಯಿಗೆ ಹೊಂದುವ ಮಾತು: ಕೀಳುವಾಗ ತೇವಾಂಶ 70 ಇದ್ದರೆ ನೂರಕ್ಕೆ ಮೂವತ್ತಮೂರು ಬರುತ್ತದೆ. ಸಂಘದ ಕಾಯಿ ಅಂಥದ್ದಾಗಿರಲಿಲ್ಲ. ಆದರೂ ಕಳೆಯುವ ಲೆಕ್ಕದ 300 ಮತ್ತು ಹಿರಿಯರ ಮಾತು ಒಂದಕ್ಕೊಂದು ತಾಳೆಯಾದವು. ಹೀಗೆ ತಪ್ಪು ವಿಧಾನಕ್ಕೆ ಅನುಭವದ ಸಾಕ್ಷಿ ದೊರೆಯಿತು. ಜನ ಗಣಿತವನ್ನು ಬಿಟ್ಟು ಅಂತಃಪ್ರಜ್ಞೆಯನ್ನು ನಂಬುತ್ತಾರೆ ಎಂದು ನಾವು ಹೇಳುವಾಗ ಗಣಿತ ಒಂದು ಕಡೆ, ಬುದ್ಧಿಗೆ ನಿಲುಕದ ಭಾವನೆ ಇನ್ನೊಂದು ಕಡೆ ಎಂದು ಭಾವಿಸುತ್ತೇವೆ. ಇಲ್ಲಿ ಎರಡು ಕಡೆಯೂ ಗಣಿತವೇ ಇತ್ತು. ಒಂದು ಕಳೆಯುವ ಗಣಿತ, ಬಾಲ್ಯದಿಂದ ಸಂತೆಯಲ್ಲಿ, ಚೀಟಿಯಲ್ಲಿ, ಬಡ್ಡಿಯಲ್ಲಿ ಕೈಹಿಡಿದದ್ದು. ಇನ್ನೊಂದು ಭಾಗಿಸುವ ಗಣಿತ, ಪರೀಕ್ಷೆಯ ದಿನ ಮಾತ್ರ ಕಂಡದ್ದು. ಇನ್ನೂ ಒಂದು ಮಾತು: ಚೀಟಿಗಳೇ ಇಲ್ಲದಿದ್ದರೆ ಈ ಜಗಳ ಹುಟ್ಟುತ್ತಿರಲಿಲ್ಲ. ಕಾಯಿ ಒಣಗಿ ಅರ್ಧವಾಯಿತು ಎಂದರೆ ಆ ಊರಿನಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಿಖರತೆ ಬೇಕೆಂದು ತಂದ ಅಂಕಿಗಳೇ ಅನುಮಾನಕ್ಕೆ ಅಳತೆಗೋಲಾದವು.

ಪಂಚಾಯಿತಿಯಲ್ಲಿ ನಡೆದದ್ದು

ನಾನು ಊರಿಗೆ ಹೋಗಿ, ಅಂಗನವಾಡಿಯ ಗೋಡೆಯ ಕಪ್ಪು ಹಲಗೆಯ ಮೇಲೆ ಆ ನಾಲ್ಕು ಸಾಲುಗಳನ್ನು ಬರೆದೆ. ನನ್ನ ಮೊದಲ ಉತ್ತರ ತಪ್ಪೆಂದು ಒಪ್ಪಿಕೊಂಡೆ. ಯಾರೂ ಎದುರು ಮಾತಾಡಲಿಲ್ಲ, ಯಾರೂ ನಂಬಲೂ ಇಲ್ಲ. “ಹಲಗಿ ಮ್ಯಾಲೆ ಎಲ್ಲಾ ಬರ್ತೈತ್ರಿ ಸರ್” ಎಂದು ಒಬ್ಬರು ಮೆಲ್ಲಗೆ ಹೇಳಿದರು. ನಿನ್ನೆ ಎಂಟು ಎಂದ ಮಾಸ್ತರ ಇಂದು ಐದು ಎನ್ನುತ್ತಾನೆಂದರೆ ನಡುವೆ ಯಾರೋ ಬಂದು ಹೇಳಿಕೊಟ್ಟಿರಬೇಕು ಎಂಬ ಗುಸುಗುಸು ನನ್ನ ಕಿವಿಗೂ ಬಿತ್ತು. ಅಮೆರಿಕದಲ್ಲಿ 1990ರಲ್ಲಿ ಮೂರು ಬಾಗಿಲುಗಳಲ್ಲಿ ಯಾವುದರ ಹಿಂದೆ ಬಹುಮಾನವಿದೆ ಎಂದು ಊಹಿಸುವ ಒಗಟಿಗೆ ಅಂಕಣಗಾರ್ತಿ ಮರ್ಲಿನ್ ವಾಸ್ ಸಾವಂತ್ ಸರಿಯಾದ ಉತ್ತರ ಕೊಟ್ಟಾಗ, ಸುಮಾರು ಹತ್ತು ಸಾವಿರ ಪತ್ರಗಳು ಬಂದವಂತೆ, ಹೆಚ್ಚಿನವು ಅದು ತಪ್ಪೆಂದು ಹೇಳುವಂಥವು; ಒಟ್ಟು ಪತ್ರಗಳಲ್ಲಿ ಸುಮಾರು ಸಾವಿರ ಪತ್ರ ಡಾಕ್ಟರೇಟ್ ಪಡೆದವರವು. ಅವರ ಮುಂದೆ ನಮ್ಮ ಸಂಘದ ಹೆಂಗಸರು ಬಹಳ ಸೌಜನ್ಯ ತೋರಿದರು ಎನ್ನಬೇಕು.

ಹಲಗೆ ಬಿಟ್ಟು ಒಂದು ತಟ್ಟೆ ತರಿಸಿದೆ. ಎಂಬತ್ತು ಜೋಳದ ಕಾಳು, ಇಪ್ಪತ್ತು ಕಡಲೆಕಾಳು ಎಣಿಸಿ ಹಾಕಿಸಿದೆ. ಜೋಳ ನೀರು, ಕಡಲೆ ಕಾಯಿ. ಕಡಲೆಯನ್ನು ಮುಟ್ಟಬಾರದು, ಜೋಳವನ್ನು ಮಾತ್ರ ತೆಗೆಯುತ್ತ, ತಟ್ಟೆಯಲ್ಲಿ ನೂರಕ್ಕೆ ಅರವತ್ತು ಜೋಳ ಇರುವಂತೆ ಮಾಡಿ ಎಂದೆ. ಪುಸ್ತಕ ಬರೆಯುವವರು ಇಪ್ಪತ್ತು ಜೋಳ ತೆಗೆದು, “ಅರವತ್ತು ಆತಲ್ರಿ” ಎಂದರು. ಹೌದು, ತಟ್ಟೆಯಲ್ಲಿ ಅರವತ್ತು ಜೋಳವಿತ್ತು. “ಒಟ್ಟು ಕಾಳು ಎಷ್ಟು?” ಎಂದು ಕೇಳಿದೆ. ಎಣಿಸಿ ಎಂಬತ್ತು ಎಂದರು. ಎಂಬತ್ತರಲ್ಲಿ ಅರವತ್ತು ಎಂದರೆ ನಾಲ್ಕರಲ್ಲಿ ಮೂರು ಪಾಲು, ನೂರಕ್ಕೆ ಎಪ್ಪತ್ತೈದು. ಅಂದರೆ ಕಾಯಿ ಎಂಟು ಕ್ವಿಂಟಲ್ ಇದ್ದಿದ್ದರೆ ಚೀಟಿಯಲ್ಲಿ 75 ಬರುತ್ತಿತ್ತು, 60 ಅಲ್ಲ. ಅವರು ಮತ್ತೆ ತೆಗೆಯತೊಡಗಿದರು. ಹತ್ತು ತೆಗೆದರು, ಇನ್ನೂ ಆಗಲಿಲ್ಲ. ಮೂರು ಪಾಲು ಜೋಳಕ್ಕೆ ಎರಡು ಪಾಲು ಕಡಲೆ ನಿಲ್ಲುವ ಹೊತ್ತಿಗೆ ತಟ್ಟೆಯಲ್ಲಿ ಮೂವತ್ತು ಜೋಳ, ಇಪ್ಪತ್ತು ಕಡಲೆ ಉಳಿದಿದ್ದವು. ತೆಗೆದಿಟ್ಟ ಐವತ್ತು ಜೋಳ ಪಕ್ಕದಲ್ಲಿ ಸಣ್ಣ ರಾಶಿಯಾಗಿ ಬಿದ್ದಿತ್ತು.

ಆ ಹೊತ್ತಿನಲ್ಲಿ ಅತ್ತ ಕೂತಿದ್ದ ಹಿರಿಯ ಸದಸ್ಯೆಯೊಬ್ಬರು, ಶಾಲೆಗೆ ಹೋಗದವರು, “ಇದು ಬಂಗಾರದ ಲೆಕ್ಕನಾ ಅಲ್ಲೇನಪಾ?” ಎಂದರು. ಅಪ್ಪಟ ಬಂಗಾರ ಅಷ್ಟೇ ಇದ್ದು, ತಾಮ್ರ ಬೆರೆಸಿದಷ್ಟೂ ತೂಕ ಏರುತ್ತದೆ, ಮಟ್ಟ ಇಳಿಯುತ್ತದೆ. ಹತ್ತು ಗ್ರಾಂ ಅಪ್ಪಟ ಬಂಗಾರ 22 ಕ್ಯಾರೆಟ್ ಆದರೆ ಸುಮಾರು 10.9 ಗ್ರಾಂ, 12 ಕ್ಯಾರೆಟ್ ಆದರೆ 20 ಗ್ರಾಂ. ಮಟ್ಟ ಅರ್ಧವಾದರೆ ತೂಕ ಎರಡರಷ್ಟು. ಮೆಣಸಿನಕಾಯಿಯಲ್ಲಿ ಅದೇ ಮಾತು ತಿರುಗಿ ಬಂದಿದೆ: ಒಣ ಪದಾರ್ಥದ ಪಾಲು 20ರಿಂದ 40ಕ್ಕೆ ಏರಿ ಎರಡರಷ್ಟಾಗಿದೆ, ತೂಕ ಅರ್ಧವಾಗಿದೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ವ್ಯಸ್ತ ತ್ರೈರಾಶಿಕವೆಂಬ ಈ ವಿಲೋಮ ಲೆಕ್ಕ ಎಲ್ಲೆಲ್ಲಿ ಬರುತ್ತದೆ ಎಂದು ಹೇಳುವಾಗ ಬಂಗಾರದ ಮಟ್ಟ ಮತ್ತು ತೂಕವನ್ನೂ, ಧಾನ್ಯದ ರಾಶಿಯನ್ನು ಬೇರೆ ಬೇರೆ ಮಾನದಿಂದ ಅಳೆಯುವುದನ್ನೂ ಹೆಸರಿಸಿದ್ದಾರೆ. ಏಳು ಆಢಕದ (ಆಢಕ ಎಂದರೆ ಧಾನ್ಯ ಅಳೆಯುವ ಹಳೆಯ ಮಾನ) ಅಳತೆಯಲ್ಲಿ ನೂರಾದ ರಾಶಿ ಐದು ಆಢಕದ ಅಳತೆಯಲ್ಲಿ ಎಷ್ಟು ಎಂಬುದು ಅವರ ಲೆಕ್ಕ, ಉತ್ತರ 140. ನಾನು ಇದನ್ನು ಪಾಠವಾಗಿ ಕಲಿಸಿದ್ದೆ, ಆ ತಾಯಿ ಅಕ್ಕಸಾಲಿಯ ಮುಂದೆ ಕೂತು ಕಲಿತಿದ್ದರು. ಅಂದು ಸಭೆಯನ್ನು ತಿರುಗಿಸಿದ್ದು ಅವರ ಮಾತು.

ಹಾಗೆಂದು ಎಲ್ಲರ ಮನಸ್ಸೂ ತಿರುಗಲಿಲ್ಲ. ಕಳವು ಎಂಬ ವಿವರಣೆಗೆ ಕೈಕಾಲುಗಳಿರುತ್ತವೆ, ಬಂಡಿ ಇರುತ್ತದೆ, ರಾತ್ರಿ ಇರುತ್ತದೆ. ಛೇದ ಬದಲಾಯಿತು ಎಂಬ ವಿವರಣೆಗೆ ಇವು ಯಾವುವೂ ಇಲ್ಲ. ವಸ್ತು ಕಾಣೆಯಾದಾಗ ಯಾರೋ ಒಯ್ದಿರುತ್ತಾರೆ ಎಂಬುದು ಬದುಕಿನಲ್ಲಿ ಹತ್ತಕ್ಕೆ ಒಂಬತ್ತು ಸಲ ನಿಜವಾಗುವ ಮಾತು, ಅದನ್ನು ಒಂದು ತಟ್ಟೆ ಜೋಳಕ್ಕಾಗಿ ಬಿಟ್ಟುಕೊಡಲು ಜನ ಹಿಂಜರಿದರೆ ತಪ್ಪೇನಿದೆ? “ಲೆಕ್ಕ ಸರಿ ಐತಿ ಸರ್, ಆದ್ರ ನಾಯಿ ಯಾಕ ಬೊಗಳ್ತು?” ಎಂದು ಕೇಳಿದವರು ಇಬ್ಬರು. ಒಬ್ಬರು ಅಧ್ಯಕ್ಷೆಯ ನಾದಿನಿ. ಇನ್ನೊಬ್ಬರು ಮೊದಲ ಕಣದಾಕೆ.

ಕೊನೆಯ ತೂಕ

ಮೋಡ ಸರಿದು ಕಾಯಿ ಅಧ್ಯಕ್ಷೆಯ ಕಣದಲ್ಲಿ ಒಣಗಿತು. ಮೂರನೆಯ ಚೀಟಿಯಲ್ಲಿ ತೇವಾಂಶ 10 ಎಂದು ಬಂದ ದಿನ ನಾನು ಬೇಕೆಂದೇ ಹೋಗಿದ್ದೆ. ತೂಗುವ ಮೊದಲು ಎಷ್ಟು ಬರಬಹುದೆಂದು ಎಲ್ಲರೂ ಒಂದೊಂದು ಚೀಟಿ ಬರೆದು ಮಡಚಿ ಕೊಡಬೇಕೆಂದು ಕೇಳಿಕೊಂಡೆ. 493 ಕಿಲೋದಲ್ಲಿ ಒಣ ಪದಾರ್ಥ ಶೇಕಡಾ 40, ಅಂದರೆ ಸುಮಾರು 197 ಕಿಲೋ. ಅದು ಈಗ ಶೇಕಡಾ 90 ಆಗಿರುವುದರಿಂದ ಒಟ್ಟು ಸುಮಾರು 219 ಬರಬೇಕು. ನಾನು ಅಷ್ಟೇ ಬರೆದೆ.

ಚೀಟಿ ಬಿಚ್ಚಿದಾಗ ಮೂವರು 220ರ ಹತ್ತಿರ ಬರೆದಿದ್ದರು. ಆರು ಜನ 245, 246, 250 ಎಂದು ಬರೆದಿದ್ದರು. ಅರವತ್ತು ಹತ್ತಾಯಿತು, ಐವತ್ತು ಹೋಯಿತು, 493ರಲ್ಲಿ ಅರ್ಧ ಉಳಿಯಬೇಕು ಎಂಬ ಅದೇ ಲೆಕ್ಕ. ಜೋಳದ ತಟ್ಟೆಯ ಮುಂದೆ ತಲೆಯಾಡಿಸಿದವರೇ ಇವರು, ಬಂಗಾರದ ಮಾತಿಗೆ ಹೌದೌದು ಎಂದವರೂ ಇವರೇ. ಒಪ್ಪಿದ್ದು ಸುಳ್ಳಲ್ಲ. ಆದರೆ ಅವರು ಒಪ್ಪಿದ್ದು ಆ ದಿನದ ಆ ಲೆಕ್ಕವನ್ನು, ಹೊಸ ಅಂಕಿ ಬಂದಾಗ ಕೈ ಹಳೆಯ ದಾರಿಯನ್ನೇ ಹಿಡಿಯಿತು. ಮೊದಲ ಕಣದಾಕೆ ಏನನ್ನೂ ಬರೆಯದೆ ಖಾಲಿ ಚೀಟಿ ಮಡಚಿ ಕೊಟ್ಟಿದ್ದರು.

ಕಾಟಾದಲ್ಲಿ 216 ಕಿಲೋ ಬಂತು. ಬಿಳಿಚಿದ, ಮುರಿದ ಕಾಯಿ ಮೂರು ಕಿಲೋದಷ್ಟನ್ನು ಬೇರೆ ತೆಗೆದಿಟ್ಟಿದ್ದರು. ಹೆಚ್ಚಿನವರ ಲೆಕ್ಕಕ್ಕೆ ಮೂವತ್ತು ಕಿಲೋ ಕಡಿಮೆ, ಮತ್ತು ಈ ಸಲ ಕಾಯಿ ಇದ್ದದ್ದು ಅಧ್ಯಕ್ಷೆಯ ಸ್ವಂತ ಕಣದಲ್ಲಿ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅಧ್ಯಕ್ಷೆಯೇ ಮೊದಲು ಬಾಯಿ ತೆರೆದು, “ನೀರು ಹೋಗೈತ್ರವ್ವಾ, ಇನ್ನೇನು” ಎಂದರು. “ಹೌದು ಯಕ್ಕಾ, ನೀರೇ ಹೋಗೈತಿ” ಎಂದು ಮೊದಲ ಕಣದಾಕೆ ಚೀಲದ ಬಾಯಿ ಎಳೆದು ದಬ್ಬಣ ಚುಚ್ಚಿದರು.

ಪುಸ್ತಕದಲ್ಲಿದ್ದ 12,280ನ್ನು ಅಂದೇ ಅಳಿಸಿದರು. ಮರುವರ್ಷ ಸಂಘದವರು ಮತ್ತೆ ಕಾಯಿ ಕೊಂಡಾಗ ತೇವಾಂಶದ ಚೀಟಿ ತರಿಸಲಿಲ್ಲ, ಬದಲಿಗೆ ದಿನವೂ ಸಂಜೆ ಒಂದೇ ಗುರುತಿನ ಚೀಲವನ್ನು ತೂಗಿ ಬರೆದರು. ಊರಂಚಿನ ಆ ದೊಡ್ಡ ಕಣ ಅವರಿಗೆ ಸಿಗಲಿಲ್ಲ. ಕೇಳಲು ಹೋದವರಿಗೆ ಆಕೆ, ಅಲ್ಲಿ ಈಗ ದನ ಕಟ್ಟುತ್ತಿದ್ದೇವೆ ಎಂದರಂತೆ.